ನಾಲ್ಕನೆಯ ಸಾಲು

ಕುಲ್ಪಿ ಬೋರ್
ಮಂಗಳವಾರ, 9 ಮಾರ್ಚ್ 2004

ಮಗಳೇ ಗ್ಲೆನಿಸ್,

ಟಪಾಲಿನ ವಿಮಾನ ಹನ್ನೊಂದಕ್ಕೆ ಬರುತ್ತದೆ, ಅಷ್ಟರಲ್ಲಿ ಇದನ್ನು ಮುಗಿಸಬೇಕು. ನೀನು ದುಡ್ಡಿನ ಪಾಠ ಮಾಡಿಹೋಗಿ ಐದು ದಿನವಾಯಿತು, ಇಲ್ಲಿ ಇನ್ನೂ ಅದೇ ಮಾತು. ನಿನ್ನ ಅಮ್ಮ ಬದುಕಿದ್ದರೆ ಅಂಗಡಿಯ ಮುಂದೆ ಕೂತು ಬಂದವರಿಗೆಲ್ಲ ಮಗಳ ಸುದ್ದಿ ಹೇಳುತ್ತಿದ್ದಳು. ಅಕ್ಕನ ಪಾಲಿನದನ್ನೂ ನಾನೇ ಹೇಳಿದ್ದೇನೆ. ನಾಯಿಗಳಿಗೆ ಹೇಳುವುದೊಂದು ಬಾಕಿ.

ನಿನ್ನ ಮಾವ ಕ್ಲಿಫರ್ಡನನ್ನಂತೂ ಹಿಡಿಯುವವರಿಲ್ಲ. ಪಿಂಚಣಿಯಿಂದ ದುಡ್ಡು ಮುರಿಯುವುದನ್ನು ನಿಲ್ಲಿಸಲು ನೀನು ತುಂಬಿಕೊಟ್ಟ ಬ್ಯಾಂಕಿನ ಫಾರಮಿನ ನಕಲನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಸಿಕ್ಕಿದವರಿಗೆಲ್ಲ ತೋರಿಸುತ್ತಾನೆ. "ನನ್ನ ಪಿಂಚಣಿಗೆ ನಾಲ್ಕು ಜನ ಕಳ್ಳರು ಕೈ ಹಾಕಿದ್ರು ನೋಡು. ಅಕ್ಕನ ಮಗಳು ಬಂದ್ಳು, ನಾಲ್ಕು ಕೈನೂ ಕತ್ತರಿಸಿದ್ಳು" ಅನ್ನುತ್ತಾನೆ. ಓದಲು ಬಾರದವನು ಸಾಲಿನ ಮೇಲೆ ಬೆರಳಿಟ್ಟು ಓದಿದ ಹಾಗೆ ಮಾಡುತ್ತಾನೆ. ಮ್ಯೂರಿಯಲ್‌ಗೆ ಗಂಡನ ಈ ದರ್ಬಾರು ನೋಡಿ ನಗು ತಡೆಯಲಾಗುವುದಿಲ್ಲ.

ಒಂದು ಮಾತು ಮಾತ್ರ ಹೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಆಫೀಸಿನ ಪುಸ್ತಕದಲ್ಲಿ 'ನೆಂಟರು ದುಡ್ಡು ಕೇಳಿದರೆ ಇಲ್ಲ ಎನ್ನಲು ಕಲಿಯಿರಿ' ಅಂತ ಒಂದು ಪುಟ ಇದೆಯಲ್ಲ, ಅದನ್ನು ಯಾರು ಬರೆದರು? ತಮ್ಮನಿಗೆ ಇಲ್ಲ ಅಂದವಳನ್ನು ನಾವು ಏನೆಂದು ಕರೆಯುತ್ತೇವೆ ಅನ್ನುವುದು ಅವರಿಗೆ ಗೊತ್ತಿಲ್ಲ. ಕಾಂಗರೂ ಹೊಡೆದವನು ತಾನೊಬ್ಬನೇ ತಿನ್ನುವುದಿಲ್ಲ. ಬಾಲ ಯಾರಿಗೆ, ತೊಡೆ ಯಾರಿಗೆ ಅಂತ ಇದೆ. ಪಾಲು ಹಂಚಿ ಮುಗಿದ ಮೇಲೆ ಬಂದು ಕೇಳಿದರೆ 'ಮುಗೀತು' ಅನ್ನುತ್ತೇವೆ. ಯಾರಿಗೂ ಬೇಜಾರಿಲ್ಲ. ದುಡ್ಡಿಗೂ ಹಾಗೆ ಹೇಳಿಕೊಡು. ಮೊದಲು ಊಟದ ಪಾಲು, ಕರೆಂಟಿನ ಪಾಲು, ಆಮೇಲೆ ನೆಂಟರ ಪಾಲು.

ವಿಮಾನದ ಸದ್ದು ಕೇಳುತ್ತಿದೆ.

ನಿನ್ನ ಚಿಕ್ಕಮ್ಮ
ಥೆಲ್ಮಾ


ಆಲಿಸ್ ಸ್ಪ್ರಿಂಗ್ಸ್
23 ಮಾರ್ಚ್ 2004

ಪ್ರೀತಿಯ ಚಿಕ್ಕಮ್ಮ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಮೇಡಂ ಹೆಲೆನ್, "ಆ ಪುಟ ಬರೆದವಳು ನಾನೇ" ಅಂದರು. ಆಮೇಲೆ ಅವರೇ ಅದನ್ನು ಹರಿದು ಹಾಕಿದರು. ಹೊಸ ಪುಸ್ತಕದಲ್ಲಿ ನಿನ್ನ ಕಾಂಗರೂ ಬರುತ್ತದೆ, ನಮ್ಮ ಭಾಷೆಯಲ್ಲಿ, ಚಿತ್ರದೊಂದಿಗೆ. ಮಾವನ ಕಥೆಯೂ ಬರುತ್ತದೆ. ಮುಖಪುಟಕ್ಕೆ ಅವನ ಫೋಟೋ ಹಾಕುತ್ತಾರಂತೆ, ಇನ್ನೂರು ಪ್ರತಿ ಅಚ್ಚಾಗುತ್ತದೆ. ಅವನಿಗೆ ಹೇಳು, ಫೋಟೋಗೆ ಅಂತ ಹೊಸ ಟೋಪಿ ಕೇಳಿದರೆ ಮಾತ್ರ 'ಮುಗೀತು' ಅನ್ನು.

ಚಿಕ್ಕಮ್ಮ, ಹದಿನಾಲ್ಕು ವರ್ಷ ಈ ಪಟ್ಟಣದಲ್ಲಿ ಬೇರೆಯವರ ನೆಲ ಒರೆಸಿದೆ, ಬೇರೆಯವರ ಫೈಲು ಹೊತ್ತೆ. ನನ್ನ ಜನಕ್ಕೆ ಒಂದು ಕೆಲಸ ಮಾಡಿದೆ ಅನ್ನಿಸಿದ್ದು ಇದೇ ಮೊದಲು. ಮುಂದಿನ ತಿಂಗಳಿಂದ ಉತ್ತರದ ಊರುಗಳಿಗೆ ಪಾಠಕ್ಕೆ ಹೋಗುತ್ತೇನೆ.

ಗ್ಲೆನಿಸ್


ಕುಲ್ಪಿ ಬೋರ್
1 ಜೂನ್ 2004

ಮಗಳೇ,

ನಿನ್ನ ಆಫೀಸಿಗೆ ಫೋನು ಮಾಡಿಸಿದ್ದೆ. ನೀನು ಉತ್ತರದ ಕಡೆ ಇದ್ದೀಯ, ಸುದ್ದಿ ಕಳಿಸುತ್ತೇವೆ ಅಂದರು. ತಲುಪಿತೋ ಇಲ್ಲವೋ.

ನಿನ್ನ ಮಾವ ಹೋದ. ಗುರುವಾರ ಬೆಳಿಗ್ಗೆ ಚಹಾದ ಲೋಟ ಹಿಡಿದವನು ಹಾಗೆಯೇ ಎದೆ ಹಿಡಿದುಕೊಂಡು ಕೂತ. ಡಾಕ್ಟರ ವಿಮಾನ ಬಂದಿಳಿಯುವಾಗ ನನ್ನ ಮಡಿಲಲ್ಲಿ ಉಸಿರಿತ್ತು, ಬಾಗಿಲು ತೆಗೆಯುವಾಗ ಇರಲಿಲ್ಲ. ಅದೇ ವಿಮಾನದಲ್ಲಿ ದೇಹವನ್ನು ನಿನ್ನ ಊರಿನ ಆಸ್ಪತ್ರೆಯ ಶವಾಗಾರಕ್ಕೆ ಒಯ್ದರು.

ಹೋದವರ ಹೆಸರು ಎತ್ತಬಾರದಲ್ಲ, ಇನ್ನು ಅವನ ಹೆಸರನ್ನು ಬರೆಯುವುದಿಲ್ಲ, ನೀನೂ ಬರೆಯಬೇಡ. ಆ ಪುಸ್ತಕದಿಂದ ಹೆಸರು, ಫೋಟೋ ಎರಡನ್ನೂ ತೆಗೆಸು. ಮನೆ ಖಾಲಿ ಮಾಡಿ ಎಲೆಯ ಹೊಗೆ ಹಾಕಿದ್ದೇವೆ. ಎಲ್ಲರೂ ಸೂತಕದ ಬಿಡಾರದಲ್ಲಿ ಇದ್ದೇವೆ. ಮ್ಯೂರಿಯಲ್ ತಲೆ ಬೋಳಿಸಿಕೊಂಡು ಬಾಯಿ ಮುಚ್ಚಿದ್ದಾಳೆ. ವಿಧವೆಯ ಮೌನ ಮುಗಿಯುವ ತನಕ ಅವಳ ಮಾತೆಲ್ಲ ಕೈಸನ್ನೆಯಲ್ಲೇ.

ಅವನು ಹನ್ನೊಂದು ವರ್ಷ ತನ್ನನ್ನು ಮಣ್ಣು ಮಾಡುವ ಖರ್ಚಿಗೆ ಅಂತ ಒಂದು ನಿಧಿಗೆ ಕಟ್ಟಿದ್ದಾನೆ. ಹದಿನೈದು ದಿನಕ್ಕೊಮ್ಮೆ ಹದಿನಾಲ್ಕು ಡಾಲರ್, ಪಿಂಚಣಿ ಬ್ಯಾಂಕಿಗೆ ಬಂದ ಕೂಡಲೇ ಮುರಿದುಕೊಳ್ಳುತ್ತಿದ್ದರು. ನಮ್ಮ ಮೂಲನಿವಾಸಿ ಬಾವುಟದ ಬಣ್ಣದ ಕ್ಯಾಲೆಂಡರು ಕೊಟ್ಟು ಹೋದರಲ್ಲ, ಅವರೇ. ಸತ್ತಾಗ ಎಂಟು ಸಾವಿರ ಕೊಡುತ್ತೇವೆ ಅಂದಿದ್ದರು. ನೀನು ಅವರ ಹತ್ತಿರ ಮಾತಾಡು. ಅವನನ್ನು ಬೇಗ ಮನೆಗೆ ತರಬೇಕು.

ಚಿಕ್ಕಮ್ಮ


ಆಲಿಸ್ ಸ್ಪ್ರಿಂಗ್ಸ್
10 ಜೂನ್ 2004

ಚಿಕ್ಕಮ್ಮ,

ಸುದ್ದಿ ತಲುಪಿದಾಗ ಪಾಠದ ನಡುವೆ ಇದ್ದೆ. ಅಲ್ಲಿಯ ಹೆಂಗಸರೇ ನನ್ನನ್ನು ನೆರಳಿಗೆ ಕರೆದೊಯ್ದು ಅಳಲು ಬಿಟ್ಟರು.

ಇನ್ನೂರು ಪುಸ್ತಕಗಳ ಮುಖಪುಟವನ್ನು ನಾನೇ ಕೂತು ಕಿತ್ತಿದ್ದೇನೆ.

ಪೆಟ್ಟಿಗೆಗೆ, ವಿಮಾನಕ್ಕೆ ಎಲ್ಲ ಸೇರಿ ಏಳೂವರೆ ಸಾವಿರ ಬೇಕಂತೆ. ನಿಧಿಯವರನ್ನು ನನಗೆ ಬಿಡು. ಎರಡು ವಾರದಲ್ಲಿ ಮಾವನನ್ನು ಕರೆದುಕೊಂಡು ನಾನೇ ಬರುತ್ತೇನೆ. ಡೆಸ್ಮಂಡ್‌ಗೂ ಹೇಳು, ಅಪ್ಪನ ಬಗ್ಗೆ ಚಿಂತೆ ಬೇಡ ಅಂತ.

ಅವನು ಕಟ್ಟುತ್ತಿದ್ದ ಹಣ ಬ್ಯಾಂಕಿನ ಕಾಗದದಲ್ಲಿ ಯಾವ ಹೆಸರಿನಲ್ಲಿ ಬರುತ್ತಿತ್ತು ಅಂತ ನಿನಗೆ ಗೊತ್ತೇ? ಸುಮ್ಮನೆ ಕೇಳಿದೆ.

ಗ್ಲೆನಿಸ್


ಕುಲ್ಪಿ ಬೋರ್
29 ಜೂನ್ 2004

ಗ್ಲೆನಿಸ್,

ಎರಡು ವಾರ ಅಂದಿದ್ದೆ. ನಾಡಿದ್ದಿಗೆ ಮೂರಾಗುತ್ತದೆ.

ಡೆಸ್ಮಂಡ್ ಅಂಗಡಿಯ ಫೋನಿನಿಂದ ತಾನೇ ನಿಧಿಗೆ ಮಾತಾಡಿದ. ಮಾರ್ಚಿನಿಂದ ಹಣ ಬಂದಿಲ್ಲ, ಎರಡು ಕಂತು ತಪ್ಪಿದರೆ ಎಲ್ಲ ಹೋದ ಹಾಗೆ ಅಂದರಂತೆ. ಅವನು ಫೋನು ಇಟ್ಟು ಬಂದು ಬಿಡಾರದ ನಡುವೆ ನಿಂತು, "ನಮ್ಮಪ್ಪನ ಮಣ್ಣಿನ ದುಡ್ಡು ನಿಲ್ಲಿಸಿದ್ದು ಯಾರು?" ಅಂತ ಕೇಳಿದ. ಮೂರು ಸಲ ಕೇಳಿದ.

ನೀನು ಈಗ ಬರಬೇಡ. ರಸ್ತೆ ಕೆಟ್ಟಿದೆ.

ಥೆಲ್ಮಾ


ಆಲಿಸ್ ಸ್ಪ್ರಿಂಗ್ಸ್
12 ಜುಲೈ 2004

ಚಿಕ್ಕಮ್ಮ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿದ್ದು ನಾನು ಯಾವತ್ತೂ ನೋಡಿಲ್ಲ. ಮಗಳೇ ಅಂತಲೂ ಬರೆದಿಲ್ಲ.

ರಸ್ತೆ ಕೆಟ್ಟಿಲ್ಲ. ಸಾಮಾನಿನ ಲಾರಿಯವನನ್ನು ಕೇಳಿದೆ, ಒಣಗಿ ಗಟ್ಟಿಯಾಗಿದೆ ಅಂದ. ನಾನು ಬರುವುದು ನಿನಗೆ ಬೇಡ, ಅಷ್ಟೇ. ಪಟ್ಟಣದ ಸಂಬಳ ತಿಂದು, ಬರುತ್ತೇನೆ ಅಂದು, ಬರದೆ ಹೋದವಳ ಬಗ್ಗೆ ಬಿಡಾರದಲ್ಲಿ ಏನು ಮಾತಾಡುತ್ತಾರೆ ಅಂತ ನನಗೂ ಗೊತ್ತು.

ನಿಧಿಯವರು ಇನ್ನೂ ಹುಡುಕುತ್ತಿದ್ದಾರೆ. ಬ್ಯಾಂಕಿನವರ ತಪ್ಪೂ ಇರಬಹುದು. ಇದರೊಳಗೆ ಮುನ್ನೂರು ಡಾಲರ್ ಇಟ್ಟಿದ್ದೇನೆ, ನನ್ನ ಹತ್ತಿರ ಇರುವುದು ಇಷ್ಟೇ. ಇನ್ನೊಂದು ವಿಷಯ. ಸೆಪ್ಟೆಂಬರ್ ಹದಿನೇಳರೊಳಗೆ ಮನೆಯವರು ದೇಹ ಒಯ್ಯದಿದ್ದರೆ ಸರ್ಕಾರದ ಖರ್ಚಿನಲ್ಲಿ ಇಲ್ಲೇ ಪಟ್ಟಣದ ಹೊರಗೆ ಮಣ್ಣು ಮಾಡುತ್ತೇವೆ ಅಂತ ಆಸ್ಪತ್ರೆಯವರು ಹೇಳಿದರು. ಅಲ್ಲಿ ಕಲ್ಲಿನ ಬದಲು ಒಂದು ನಂಬರು ನೆಡುತ್ತಾರೆ.

ಗ್ಲೆನಿಸ್


ರೆಡ್ ಹಿಲ್ ಬಿಡಾರ
10 ಆಗಸ್ಟ್ 2004

ಮಗಳೇ,

ವಿಳಾಸ ನೋಡಿ ಗಾಬರಿಯಾಗಬೇಡ. ಮೊಮ್ಮಗಳ ಜೊತೆ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದೆ. ಕುಲ್ಪಿ ಬೋರಿನ ಚಳಿಗೆ ನನ್ನ ಮಂಡಿ ಆಗುತ್ತಿಲ್ಲ. ಇಲ್ಲಿಂದ ಅಲ್ಲಿಗೆ ನೂರ ಅರವತ್ತು ಕಿಲೋಮೀಟರು, ಟಪಾಲು ಲಾರಿಯ ಜೊತೆ ಬರುತ್ತದೆ.

ನಿನ್ನ ಮುನ್ನೂರನ್ನು ಮ್ಯೂರಿಯಲ್‌ಗೆ ಕಳಿಸಿದೆ. ತನ್ನ ಮುಂದಿನ ಆರು ಚಿತ್ರಗಳನ್ನು ಅವಳು ಗ್ಯಾಲರಿಯವನಿಗೆ ಅರ್ಧ ಬೆಲೆಗೆ ಮುಂಗಡವಾಗಿ ಮಾರಿದ್ದಾಳಂತೆ. ಇನ್ನೂ ಬಣ್ಣ ಮುಟ್ಟದ ಬಟ್ಟೆಗಳು. ಅಂಗಡಿಯ ಸಮಿತಿ ಸ್ವಲ್ಪ ಕೊಡುತ್ತದಂತೆ, ಚರ್ಚಿನವರೂ ಕೊಡುತ್ತಾರಂತೆ. ಎಲ್ಲ ಸೇರಿದರೂ ಎರಡು ಸಾವಿರ ಕಡಿಮೆ.

ನನಗೆ ನಿದ್ದೆ ಇಲ್ಲ. ನನ್ನ ತಮ್ಮ ಒಬ್ಬನೇ ಮಲಗಿ ಅಭ್ಯಾಸ ಇಲ್ಲದವನು. ಹುಟ್ಟಿದಾಗಿನಿಂದ ಯಾರಾದರೂ ಪಕ್ಕದಲ್ಲಿ ಇರಬೇಕು, ನಾಯಿಯಾದರೂ ಸರಿ. ಈಗ ಹತ್ತು ವಾರದಿಂದ ಆ ಕಬ್ಬಿಣದ ಪೆಟ್ಟಿಗೆಯ ಥಂಡಿಯಲ್ಲಿದ್ದಾನೆ. ನೀನು ಹೋಗಿ ಅವನ ಹತ್ತಿರ ಕೂತುಕೋ. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ಕೂತುಕೋ. ನಮ್ಮ ಮಾತಿನಲ್ಲಿ ಏನಾದರೂ ಹೇಳು.

ಚಿಕ್ಕಮ್ಮ


ಆಲಿಸ್ ಸ್ಪ್ರಿಂಗ್ಸ್
21 ಆಗಸ್ಟ್ 2004

ಚಿಕ್ಕಮ್ಮ,

ಹೋಗಿ ಕೂತೆ. ಒಳಗೆ ಬಿಡಲಿಲ್ಲ. ಗೋಡೆಯ ಈಚೆ ನೆಲದ ಮೇಲೆ ಕೂತು ಏನು ಹೇಳಲಿ ಅಂತ ಯೋಚಿಸಿದೆ. ಬಾಯಿಗೆ ಬಂದದ್ದು ಒಂದೇ ಮಾತು: ಮಾವ, ನಾನೇ ಮಾಡಿದ್ದು.

ಇನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಮಾರ್ಚಿನಲ್ಲಿ ಅವನ ಬ್ಯಾಂಕಿನ ಕಾಗದ ಹರಡಿ ಕೂತಿದ್ದೆವಲ್ಲ, ಅದರಲ್ಲಿ ಮೂವರು ನಿಜವಾಗಿಯೂ ಕಳ್ಳರೇ. ಅವನ ಹತ್ತಿರ ಇಲ್ಲದ ಫೋನು, ಅವನು ಕಾಣದ ವಿಡಿಯೋ ಕ್ಲಬ್ಬು, ಅವನು ಓದದ ಪತ್ರಿಕೆ. ನಾಲ್ಕನೆಯ ಸಾಲಿನಲ್ಲಿ ಬರೀ ಮೂರು ಇಂಗ್ಲಿಷ್ ಅಕ್ಷರ ಇದ್ದವು. "ಇದೇನು ಮಾವ?" ಅಂದೆ. "ನಂಗೇನು ಗೊತ್ತು, ಇವನೂ ಕಳ್ಳನೇ ಇರ್ಬೇಕು" ಅಂದ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಒಂದು ಫೋನು ಮಾಡಿದ್ದರೆ ತಿಳಿಯುತ್ತಿತ್ತು. ಮಾಡಲಿಲ್ಲ. ನಿಲ್ಲಿಸಿ ಅಂತ ನನ್ನ ಕೈಯಾರೆ ಬರೆದೆ. ಆ ಮೂರೂ ನಿಧಿಯ ಹೆಸರಿನ ಮೊದಲಕ್ಷರಗಳು. ನಿನಗೆ ಜೂನ್ ಹತ್ತಕ್ಕೆ ಕಾಗದ ಬರೆದ ದಿನವೇ ಫೈಲು ತೆಗೆದು ನೋಡಿದ್ದೆ. ನಿಧಿಯವರು ಹುಡುಕುತ್ತಿದ್ದಾರೆ ಅಂದದ್ದು ಸುಳ್ಳು. ಬ್ಯಾಂಕಿನ ತಪ್ಪು ಅಂದದ್ದೂ ಸುಳ್ಳು.

ನಿಧಿಯ ಕರಾರು ತರಿಸಿ ವಕೀಲರಿಗೆ ತೋರಿಸಿದೆ. ಎರಡನೆಯ ಪುಟದ ಬುಡದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಒಂದು ಮಾತಿದೆ, ಅಪಘಾತದಿಂದ ಸತ್ತರೆ ಮಾತ್ರ ಹಣ. ಎದೆ ನಿಂತು ಸತ್ತರೆ ಅಪಘಾತವಲ್ಲ. ಅಂದರೆ ನಾನು ಆ ಸಾಲು ಬರೆಯದಿದ್ದರೂ ಒಂದು ಡಾಲರ್ ಬರುತ್ತಿರಲಿಲ್ಲ. ಹನ್ನೊಂದು ವರ್ಷಕ್ಕೆ ನಾಲ್ಕು ಸಾವಿರ ಕಟ್ಟಿದ್ದಾನೆ, ಚಿಕ್ಕಮ್ಮ.

ಇದನ್ನು ಕೇಳಿ ಒಂದು ಗಂಟೆ ಮನಸ್ಸು ಹಗುರಾಯಿತು. ಆಮೇಲೆ ನಾಚಿಕೆಯಾಯಿತು. ನನಗೆ ಆ ದಿನ ಇದು ಗೊತ್ತಿರಲಿಲ್ಲವಲ್ಲ. ಓದದೆ ಸಹಿ ಹಾಕಬೇಡಿ ಅಂತ ಊರೂರಿಗೆ ಹೇಳುವವಳು ತಿಳಿಯದೆ ಗೀಟು ಹೊಡೆದೆ.

ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದೇನೆ. ನಿನಗೆ ನನ್ನ ಮುಖ ನೋಡುವುದು ಬೇಡವಾದರೆ ಹಾಗೇ ಬರೆ.

ಗ್ಲೆನಿಸ್


ರೆಡ್ ಹಿಲ್ ಬಿಡಾರ
1 ಸೆಪ್ಟೆಂಬರ್ 2004

ಮಗಳೇ,

ನನಗೆ ನಿಧಿಯ ಬಗ್ಗೆ ನಿನಗೆ ಬರೆದ ಮಾರನೆಯ ದಿನದಿಂದಲೇ ಗೊತ್ತು. ಅವನ ಬಟ್ಟೆ ಸುಡುವ ಮೊದಲು ಜೇಬಿನಿಂದ ಆ ನಕಲನ್ನು ತೆಗೆದುಕೊಂಡವಳು ನಾನು. ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ, ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ್ದು ನಾನೇ. ನಾಲ್ಕನೆಯ ಸಾಲಿನ ಅಕ್ಷರಗಳನ್ನು ನಿಧಿಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದೆ. ಆಮೇಲೆ ಆ ಕಾಗದವನ್ನೂ ಬೆಂಕಿಗೆ ಹಾಕಿದೆ.

ಬರಬೇಡ ಅಂದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಡೆಸ್ಮಂಡ್ ಮೂರು ಸಲ ಕೇಳಿದ ಅಂತ ಬರೆದೆನಲ್ಲ, ಮೂರನೆಯ ಸಲಕ್ಕೆ ನಾನು ಎದ್ದು ನಿಂತೆ. "ಮೂರು ಸಾಲು ಗ್ಲೆನಿಸ್ ಬರ್ದಿದ್ದು. ನಾಲ್ಕನೇದು ನಾನು ಸೇರ್ಸಿದ್ದು. ಅದು ದಂಡದ ಖರ್ಚು, ನಿಲ್ಸು ಅಂತ ನನ್ ತಮ್ಮನಿಗೆ ಹೇಳಿದ್ದು ನಾನು" ಅಂದೆ. ಯಾರೂ ನನ್ನ ಮೇಲೆ ಕೈ ಎತ್ತಲಿಲ್ಲ. ಡೆಸ್ಮಂಡ್ ಮಾತ್ರ, "ಅತ್ತೆ, ನಮ್ಮಪ್ಪನ ಗುಂಡಿ ಹತ್ರ ನೀನು ಕಾಲಿಡ್ಬೇಡ" ಅಂದ. ಮಾರನೆಯ ದಿನ ಅಂಗಡಿಯಲ್ಲಿ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ. ಒಂದು ತಿಂಗಳು ಹಾಗೆಯೇ ಇದ್ದೆ, ಆಮೇಲೆ ಇಲ್ಲಿಗೆ ಬಂದೆ. ಮಂಡಿ ಚೆನ್ನಾಗಿಯೇ ಇದೆ.

ನೀನು ಬಂದು ಬಾಯಿ ಬಿಡಬೇಡ. ನನಗೆ ಅರವತ್ತಾರು. ಎರಡು ವರ್ಷ ಅವರ ಮಾತಿಲ್ಲದೆ ಇದ್ದರೆ ಸಾಯುವುದಿಲ್ಲ. ನಿನ್ನ ಮೇಲಿನ ನಂಬಿಕೆ ಹೋದರೆ ಆ ಜನ ಇನ್ನು ಯಾರ ಮುಂದೆಯೂ ಕಾಗದ ಬಿಚ್ಚುವುದಿಲ್ಲ. ಮತ್ತೆ ಆ ಕ್ಯಾಲೆಂಡರಿನವರೇ ಬರುತ್ತಾರೆ. ಆ ಕರಾರಿನ ಮಾತನ್ನು ಹೇಳು, ಆದರೆ ಮಣ್ಣಾದ ಮೇಲೆ. ಈಗ ಹೇಳಿದರೆ ನಾಲ್ಕನೆಯ ಸಾಲಿನ ಮಾತು ಬರುತ್ತದೆ. ರಾಜೀನಾಮೆ ಹರಿದು ಹಾಕು.

ಗಣಿಯ ಕಡೆಯ ನೆಂಟರು ಎರಡು ಸಾವಿರ ಕೊಟ್ಟರಂತೆ. ಹದಿನೆಂಟಕ್ಕೆ ಮಣ್ಣು. ನೀನು ಅವನ ಜೊತೆ ವಿಮಾನದಲ್ಲಿ ಬಾ, ಅಳು, ಸುಮ್ಮನೆ ಹೋಗು. ನನ್ನ ಪಾಲಿನದನ್ನೂ ನೀನೇ ಅತ್ತುಬಿಡು. ನಾನು ಇಲ್ಲಿಂದಲೇ ಆ ದಿಕ್ಕಿಗೆ ತಿರುಗಿ ಕೂತಿರುತ್ತೇನೆ.

ಚಿಕ್ಕಮ್ಮ


ಕುಲ್ಪಿ ಬೋರ್
ಶುಕ್ರವಾರ ಸಂಜೆ, 17 ಸೆಪ್ಟೆಂಬರ್ 2004

ಚಿಕ್ಕಮ್ಮ,

ನಿನ್ನ ಮಾತು ಮೀರಿದೆ. ಪೂರ್ತಿ ಓದಿ ಆಮೇಲೆ ಬೈ.

ಮಧ್ಯಾಹ್ನ ವಿಮಾನ ಇಳಿಯಿತು. ಪೆಟ್ಟಿಗೆಯನ್ನು ಡೆಸ್ಮಂಡ್ ಮತ್ತು ಇನ್ನೈದು ಜನ ಇಳಿಸಿಕೊಂಡರು. ಹೆಂಗಸರೆಲ್ಲ ನೆಲಕ್ಕೆ ಬಿದ್ದು ಅತ್ತರು. ನಾನೂ ಅತ್ತೆ. ಎದ್ದು ನೋಡುವಾಗ ಮಾವನ ಅಕ್ಕಂದಿರು ಕೂರುವ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿ ಯಾರೂ ಕೂತಿರಲಿಲ್ಲ, ಯಾರೂ ಅದನ್ನು ನೋಡುತ್ತಲೂ ಇರಲಿಲ್ಲ. ಸುಮ್ಮನೆ ಹೋಗು ಅಂದಿದ್ದೆ ನೀನು. ನನ್ನಿಂದ ಆಗಲಿಲ್ಲ.

ಬಿಡಾರದ ನಡುವೆ ನಿಂತು ಹೇಳಿದೆ. "ನಾಲ್ಕನೇ ಸಾಲೂ ನಾನೇ ಬರ್ದಿದ್ದು. ಚಿಕ್ಕಮ್ಮ ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ್ಳು. ಅದು ಏನು ಅಂತ ನಾನು ವಿಚಾರಿಸ್ಲಿಲ್ಲ. ಅವಸರ ಮಾಡ್ದೆ."

ಡೆಸ್ಮಂಡ್ ಎದ್ದವನು ಹಾಗೆಯೇ ನಿಂತ. ಆಗ ಮ್ಯೂರಿಯಲ್ ಅತ್ತೆ ಎದ್ದಳು. ಕೈಯಲ್ಲಿ ಗೆಡ್ಡೆ ಅಗೆಯುವ ಕೋಲಿತ್ತು. ನಾನು ತಲೆ ಬಗ್ಗಿಸಿ ಕೂತೆ. ಹೆಗಲ ಮೇಲೆ ಎರಡು ಏಟು ಹೊಡೆದಳು, ಗಟ್ಟಿಯಾಗಿಯೇ. ಯಾರೂ ಅಡ್ಡ ಬರಲಿಲ್ಲ. ಬರಬಾರದು ಕೂಡ, ಅದು ವಿಧವೆಯ ಹಕ್ಕು. ಮೂರನೆಯದಕ್ಕೆ ಎತ್ತಿದ ಕೋಲನ್ನು ಕೆಳಗೆ ಹಾಕಿ, ನನ್ನ ಪಕ್ಕ ಕುಸಿದು, ನನ್ನ ಕುತ್ತಿಗೆಗೆ ಮುಖ ಒತ್ತಿ ಅತ್ತಳು. ಬಾಯಿಂದ ಸದ್ದಿಲ್ಲ.

ತುಂಬಾ ಹೊತ್ತಿನ ಮೇಲೆ ನಿಧಿಯ ಕರಾರನ್ನು ತೆಗೆದೆ. "ಇದನ್ನ ತಪ್ಪಿಸ್ಕೊಳ್ಳೋಕೆ ಓದ್ತಿಲ್ಲ, ತಪ್ಪು ನಂದೇ" ಅಂತ ಹೇಳಿ, ಎರಡನೆಯ ಪುಟದ ಬುಡದ ಮಾತನ್ನು ನಮ್ಮ ಭಾಷೆಯಲ್ಲಿ ಓದಿದೆ. ಮ್ಯೂರಿಯಲ್ ಅತ್ತೆ ಬೆರಳು ತಿರುಗಿಸಿ ಮತ್ತೆ ಓದು ಅಂದಳು. ಮತ್ತೆ ಓದಿದೆ. ಮೂರನೆಯ ಸಲವೂ ಓದಿಸಿದಳು.

"ಹಂಗಾದ್ರೆ ಕಾರು ಗುದ್ದಿ ಸಾಯ್ಬೇಕಿತ್ತಾ ನಮ್ಮಪ್ಪ?" ಅಂದ ಡೆಸ್ಮಂಡ್.

ಒಬ್ಬೊಬ್ಬರೇ ಎದ್ದು ಹೋದರು. ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಅಂದುಕೊಂಡೆ. ವಾಪಸು ಬಂದರು, ಕೈಯಲ್ಲಿ ಕಾಗದ. ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟದ್ದು, ಹಾಸಿಗೆಯಡಿ ಇಟ್ಟದ್ದು, ಒಂದಕ್ಕೆ ನಾಯಿ ಮೂಲೆ ಕಚ್ಚಿದೆ. ಹದಿನೇಳು ಮನೆಯವು. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಇರುವೆಸಾಲು. ಪೋಲಿಯೋ ಬಂದು ಹಾಸಿಗೆ ಬಿಟ್ಟು ಏಳದ ಮುದುಕಿಯ ಹೆಸರಿನಲ್ಲೂ ಒಂದಿದೆ, ಒಂಬತ್ತು ವರ್ಷದಿಂದ ಕಟ್ಟುತ್ತಿದ್ದಾಳೆ. ಅವಳು ಎಲ್ಲಿ ಹೋಗಿ ಅಪಘಾತ ಮಾಡಿಕೊಳ್ಳಬೇಕು?

ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಆ ಮಾತು ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಇನ್ನು ಬರುವುದಿಲ್ಲ. ಹದಿನೇಳನ್ನೂ ವಕೀಲರ ಹತ್ತಿರ ಒಯ್ಯುತ್ತೇನೆ ಅಂದೆ. ದುಡ್ಡು ವಾಪಸು ಬರುತ್ತದೆ ಅಂತ ಮಾತು ಕೊಟ್ಟಿಲ್ಲ, ಬರುವ ಹಾಗೆ ಕಾಣುವುದೂ ಇಲ್ಲ. ಅವರು ಕಾಗದ ನನ್ನ ಕೈಗೆ ಕೊಟ್ಟರು. ಯಾಕೆ ಕೊಟ್ಟರೋ ಗೊತ್ತಿಲ್ಲ. ಬೇರೆ ಯಾರೂ ಇಲ್ಲ ಅಂತಲೇ ಇರಬಹುದು.

ಆಮೇಲೆ ಮ್ಯೂರಿಯಲ್ ಅತ್ತೆ ಮಗನನ್ನು ಹತ್ತಿರ ಕರೆದಳು. ಒಂದು ಕೈಯಿಂದ ಖಾಲಿ ಜಾಗ ತೋರಿಸಿದಳು, ಇನ್ನೊಂದರಿಂದ ನಿನ್ನ ದಿಕ್ಕು ತೋರಿಸಿದಳು. ಅವನು, "ನಾಳೆ ಬೆಳಿಗ್ಗೆ ಎಂಟಕ್ಕೆ ಪಾದ್ರಿ ಬರ್ತಾರಲ್ಲಮ್ಮ" ಅಂದ. ಅವಳು ಅದೇ ಸನ್ನೆಯನ್ನು ಮತ್ತೆ ಮಾಡಿದಳು.

ಈ ಕಾಗದವನ್ನು ಟಪಾಲಿಗೆ ಹಾಕುತ್ತಿಲ್ಲ. ಡೆಸ್ಮಂಡ್‌ನ ಕೈಯಲ್ಲೇ ಕೊಡುತ್ತಿದ್ದೇನೆ. ಬೆಳಕು ಹರಿಯುವ ಮೊದಲು ಟೊಯೋಟ ತೆಗೆದುಕೊಂಡು ಹೊರಡುತ್ತಾನೆ. ಅವನು ನಿನ್ನ ಹತ್ತಿರ ಏನೂ ಮಾತಾಡುವುದಿಲ್ಲ, ಅವನಿಗೆ ಅದು ಬರುವುದಿಲ್ಲ. ನೀನೂ ಏನೂ ಕೇಳಬೇಡ. ಬಾಗಿಲು ತೆಗೆದು ನಿಂತಿರುತ್ತಾನೆ, ಹತ್ತಿ ಕೂತುಕೋ. ಪಾದ್ರಿ ಕಾಯುತ್ತಾರೆ. ನೀನು ಬರುವ ತನಕ ಯಾರೂ ಮಣ್ಣು ಮುಟ್ಟುವುದಿಲ್ಲ.

ನಿನ್ನ ಮಗಳು
ಗ್ಲೆನಿಸ್